ಕಮಠಾಣದ ಒಂದು ವಾಕ್ಯ

1

ಸಂಶೋಧನ ಲೇಖನವೊಂದು ಅಚ್ಚಾದ ಮೇಲೆ ಅದು ನಡೆದುಬಂದ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಓದುಗರ ಮುಂದಿರುವುದು ಶೀರ್ಷಿಕೆ, ಸಾರಾಂಶ, ವಿವೇಚನೆ, ಅಡಿಟಿಪ್ಪಣಿ ಎಂಬ ಕ್ರಮಬದ್ಧ ರೂಪ ಮಾತ್ರ. ವಿಷಯ ಹೊಳೆದ ಗಳಿಗೆ, ಸುಳ್ಳಾದ ಊಹೆ, ಹಿಂದಿರುಗಿ ಬಂದ ಪ್ರತಿ, ಕರಡಚ್ಚಿನಲ್ಲಿ ಕಳೆದುಹೋಗಲಿದ್ದ ಅಕ್ಷರ ಇವೆಲ್ಲ ಬರೆದವರ ನೆನಪಿನಲ್ಲಿದ್ದು ಅಲ್ಲಿಯೇ ಮುಗಿದುಹೋಗುತ್ತವೆ. ಬೀದರ ಸೀಮೆಯ ಕನ್ನಡ ಅಧ್ಯಾಪಕರೊಬ್ಬರು ಹನ್ನೆರಡು ಪುಟಗಳ ಲೇಖನವೊಂದನ್ನು ಸಿದ್ಧಪಡಿಸಿ ವಿದ್ವತ್ ಪತ್ರಿಕೆಗೆ ಕಳಿಸಿದ ಬಗೆ ಅಂಥ ಒಂದು ದಾರಿಯ ಕಥೆ. ಆ ಲೇಖನದ ಕೇಂದ್ರದಲ್ಲಿದ್ದುದು ಎರಡೇ ಪದಗಳ ಒಂದು ವಾಕ್ಯ: ‘ಮಳಿ ಬರ್ಲತ್ತದ.’

ಅಧ್ಯಾಪಕರ ಊರು ಕಮಠಾಣ. ಬೀದರ ತಾಲ್ಲೂಕಿನ ಈ ಹಳೆಯ ಊರಿನಲ್ಲಿರುವ ಪಾರ್ಶ್ವನಾಥ ಬಸದಿ ಆ ಪರಿಸರದ ಜೈನ ಪರಂಪರೆಗೆ ಸಾಕ್ಷಿಯಾಗಿದೆ. ಬೀದರಿನಿಂದ ಬರುವ ದಾರಿಯ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಉದ್ದು, ಹೆಸರು, ತೊಗರಿ, ಜೋಳ ಬೆಳೆಯುವ ಈ ನೆಲದಲ್ಲಿ ಒಂದೇ ದಿನ ಒಬ್ಬನೇ ಮನುಷ್ಯ ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ದಖನಿಯನ್ನೂ ಬೀಗರೊಡನೆ ಮರಾಠಿಯನ್ನೂ ಆಡುವುದು ಯಾರಿಗೂ ಆಶ್ಚರ್ಯವೆನಿಸುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಭಾಗವಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಕಡೆಯ ಪ್ರದೇಶ ಮೈಸೂರು ರಾಜ್ಯಕ್ಕೆ ಬಂದರೆ, ಉದಗೀರ, ನಿಲಂಗಾ ಕಡೆಯದು ಮುಂಬಯಿ ರಾಜ್ಯಕ್ಕೂ ಜಹೀರಾಬಾದ, ನಾರಾಯಣಖೇಡ ಕಡೆಯದು ಆಂಧ್ರಪ್ರದೇಶಕ್ಕೂ ಸೇರಿದವು. ಗಡಿ ಹೀಗೆ ಬದಲಾದರೂ ಬೀಗತನ, ಸಂತೆ, ಜಾತ್ರೆಗಳು ಮೊದಲಿನಂತೆಯೇ ನಡೆದುವು.

ಈ ಪರಿಸರದಲ್ಲಿ ಕನ್ನಡ ಓದುವುದೇ ಒಂದು ಕಾಲಕ್ಕೆ ಸುಲಭವಿರಲಿಲ್ಲ. ಹೈದರಾಬಾದ ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮವೂ ಅದೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಆ ದಿನಗಳಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಸಂಗತಿ ಬೀದರ ಜಿಲ್ಲೆಯಲ್ಲಿ ಮನೆಮಾತಾಗಿದೆ. ಅಧ್ಯಾಪಕರ ತಂದೆಯ ತಲೆಮಾರಿನವರು ಜಮೀನಿನ ಕಾಗದಗಳನ್ನು ಉರ್ದುವಿನಲ್ಲಿ ಓದಿದವರು. ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆ ಮನೆಯಿಂದ ಕನ್ನಡ ಸ್ನಾತಕೋತ್ತರ ಪದವಿಗೆ ಹೋದವರು ಇವರೇ ಮೊದಲಿಗರು.

2

2017ರ ಭಾದ್ರಪದದ ಒಂದು ದಿನ. ಮಾಳಿಗೆಯ ಮೇಲೆ ಹೊಸ ಉದ್ದು ಒಣಹಾಕಿತ್ತು. ಬೆಳಿಗ್ಗೆ ತಾಯಿ ಆಕಾಶ ನೋಡಿ, “ಇವತ್ತ ಮಳಿ ಬರ್ತದ” ಎಂದಿದ್ದರು. ರಜೆಗೆಂದು ಊರಿಗೆ ಬಂದಿದ್ದ ಮಗ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಮಧ್ಯಾಹ್ನ ಅಂಗಳದಿಂದ ಅದೇ ದನಿ ಕೇಳಿಸಿತು: “ತಮ್ಮಾ, ಮಳಿ ಬರ್ಲತ್ತದ, ಉದ್ದು ಒಳಗ ತಗೊ.” ಈ ಸಲ ಮಗ ಓಡಿದರು. ಉದ್ದನ್ನು ಚೀಲಕ್ಕೆ ತುಂಬಿ ಕೆಳಗಿಳಿಸಿದ ಮೇಲೆ ಅವರಿಗೆ ಒಂದು ವಿಚಾರ ಹೊಳೆಯಿತು. ಬೆಳಿಗ್ಗೆ ಕದಲದ ಕಾಲು ಮಧ್ಯಾಹ್ನ ಓಡಿದ್ದು ಕ್ರಿಯಾಪದದ ಒಂದು ರೂಪದಿಂದ. ‘ಬರ್ತದ’ ಎಂದರೆ ಇನ್ನೂ ಹೊತ್ತಿದೆ. ‘ಬರ್ಲತ್ತದ’ ಎಂದರೆ ಹೊತ್ತಿಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದ ಈ ವ್ಯತ್ಯಾಸವನ್ನು ಅವರು ಯಾವ ವ್ಯಾಕರಣ ಪಾಠದಲ್ಲಿಯೂ ಓದಿರಲಿಲ್ಲ, ತಾವೂ ಪಾಠ ಮಾಡಿರಲಿಲ್ಲ.

ಅಂದಿನಿಂದ ಅವರು ಟಿಪ್ಪಣಿ ಮಾಡತೊಡಗಿದರು. ಬೀದರ ಕಡೆಯ ‘ಬರ್ಲತ್ತದ’ ಎಂಬುದು ರಾಯಚೂರು ಸೀಮೆಯಲ್ಲಿ ‘ಬರಲಕತ್ತದ’ ಎಂಬಂತೆ ಬಿಡಿಸಿಕೊಂಡು ಕೇಳಿಸುತ್ತದೆ. ಧಾರವಾಡದ ಹಳ್ಳಿಗಳಲ್ಲಿ ‘ಬರಾಕತ್ತೈತಿ’ ಆಗುತ್ತದೆ. ಮೂರರ ಒಳಗೂ ಇರುವುದು ‘ಹತ್ತು’ ಎಂಬ ಕ್ರಿಯಾಪದ. ‘ಬರಲು ಹತ್ತಿದೆ’ ಎಂಬುದು ನಾಲಗೆಯಲ್ಲಿ ಸವೆದು ಸವೆದು ಈ ರೂಪಗಳಾಗಿವೆ. ಕಮಠಾಣದ ರೂಪದಲ್ಲಿ ಸವಕಳಿ ಎಷ್ಟಾಗಿದೆಯೆಂದರೆ, ಹೇಳುವವರಿಗೆ ಅದರೊಳಗೆ ‘ಹತ್ತು’ ಇರುವುದೇ ತಿಳಿಯದು.

ಕ್ಷೇತ್ರಕಾರ್ಯದ ಮೊದಲ ತೊಡಕು ಮನೆಯಲ್ಲಿಯೇ ಎದುರಾಯಿತು. ಧ್ವನಿಮುದ್ರಣ ಯಂತ್ರವನ್ನು ಮುಂದಿಟ್ಟು, “ಅವ್ವ, ಮಳೆ ಬರುವಾಗ ಏನಂತೀರಿ?” ಎಂದು ಕೇಳಿದರೆ ತಾಯಿ ಸೆರಗು ಸರಿಮಾಡಿಕೊಂಡು, ದೂರದರ್ಶನದಲ್ಲಿ ಕೇಳಿದ್ದ ದನಿಯಲ್ಲಿ, “ಮಳೆ ಬರುತ್ತಿದೆ” ಎಂದರು. ಅದು ನಿಮ್ಮ ಮಾತಲ್ಲವೆಂದು ಮಗ ಹೇಳಿದಾಗ ಬಂದ ಉತ್ತರ: “ನೀ ಬರದಿದ್ದು ನಾಕ ಮಂದಿ ಓದ್ತಾರಲ್ಲೋ ತಮ್ಮಾ, ಚೊಲೊ ಮಾತ ಬರಿ. ನಮ್ಮ ಮಾತಿನಾಗ ಬರೀಲಕ್ಕ ಏನದ?” ಪುಸ್ತಕಕ್ಕೆ ಹೋಗುವ ಮಾತು ಬೇರೆ, ಅಂಗಳದ ಮಾತು ಬೇರೆ ಎಂಬ ತಿಳಿವಳಿಕೆ ಅವರಲ್ಲಿ ಗಟ್ಟಿಯಾಗಿತ್ತು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮಗನನ್ನು ಕಾಲೇಜಿಗೆ ಕಳಿಸಿದ ಮೇಲೆ, ರಜೆಗೆ ಬಂದ ಮಗನ ಮಾತು ಬದಲಾಗಿದ್ದನ್ನು ಕೇಳಿ ಅವರೇ ಕಲಿತಿದ್ದರು.

ಪ್ರಶ್ನೆ ಕೇಳುವುದನ್ನು ಬಿಡಬೇಕಾಯಿತು. ಮನೆಮಂದಿಯ ಒಪ್ಪಿಗೆ ಪಡೆದು ಯಂತ್ರವನ್ನು ದೇವರ ಮಾಡದ ಬಳಿ ಇಟ್ಟು ಮರೆತಂತೆ ಇರುವುದು, ನೆರೆಯವರು ಬಂದು ಮಾತಿಗೆ ಕುಳಿತಾಗ ಅದು ತನ್ನ ಪಾಡಿಗೆ ತಾನು ಕೇಳುತ್ತಿರುವುದು, ಆಮೇಲೆ ಅವರಿಗೂ ಹೇಳಿ ಒಪ್ಪಿದ ಭಾಗವನ್ನಷ್ಟೇ ಉಳಿಸಿಕೊಳ್ಳುವುದು ಎಂಬ ಕ್ರಮವನ್ನು ಅವರು ರೂಢಿಸಿಕೊಂಡರು. ಎರಡು ಗಂಟೆಯ ಮಾತಿನಲ್ಲಿ ಬೇಕಾದ ರೂಪ ಐದಾರು ಸಲ ಸಿಕ್ಕರೆ ಹೆಚ್ಚು. ಆದರೆ ಹಾಗೆ ಸಿಕ್ಕವು ಕೇಳಿ ಪಡೆದವಲ್ಲ, ತಾವಾಗಿ ಬಂದವು. ಲೇಖನದ ವಿಧಾನ ವಿಭಾಗದಲ್ಲಿ ಇದಕ್ಕೆ ದೊರೆತದ್ದು ಎರಡೇ ಸಾಲು. ಆ ಎರಡು ಸಾಲಿನ ಹಿಂದೆ ಒಂದು ಚಳಿಗಾಲವೂ ಒಂದು ಬೇಸಗೆಯೂ ಕಳೆದಿದ್ದುವು.

3

ಪೂರ್ವ ಅಧ್ಯಯನಗಳನ್ನು ಹುಡುಕಿದಾಗ ಒಂದು ಖಾಲಿ ಜಾಗ ಕಂಡಿತು. ಕನ್ನಡದ ಉಪಭಾಷೆಗಳ ವಿವರಣಾತ್ಮಕ ಅಧ್ಯಯನ 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ಹುರುಪಿನಿಂದ ನಡೆದಿತ್ತು; ಗುಲಬರ್ಗಾ ಕನ್ನಡವನ್ನು ಕುರಿತ ಆರ್. ಮಹಾದೇವನ್ ಅವರ ಕೃತಿ ಆ ಕಾಲದ್ದು. ಯು. ಪಿ. ಉಪಾಧ್ಯಾಯರು 1976ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನ ಬಳ್ಳಾರಿ, ಗುಲಬರ್ಗಾ, ಕುಮಟಾ, ನಂಜನಗೂಡುಗಳ ಉಪಭಾಷೆಗಳನ್ನು ಎದುರುಬದುರು ಇಟ್ಟಿತು. ಈಶಾನ್ಯದ ತುದಿಯನ್ನು ಅಲ್ಲಿ ಗುಲಬರ್ಗಾ ಪ್ರತಿನಿಧಿಸಿತು. ಬೀದರ ಅದರಾಚೆ ಉಳಿಯಿತು. ಇದನ್ನು ಹಿರಿಯರ ಕೊರತೆಯೆಂದು ಎಣಿಸುವಂತಿಲ್ಲ. ನಾಲ್ಕು ಊರುಗಳನ್ನು ಆಯ್ದುಕೊಂಡವರು ಐದನೆಯದನ್ನು ಬಿಡಲೇಬೇಕಾಗುತ್ತದೆ. ಬಿಟ್ಟ ಊರಿನಲ್ಲಿ ಹುಟ್ಟಿದವರಿಗೆ ಅದು ಕೆಲಸದ ಕರೆಯಾಗಿ ಕೇಳಿಸಿದರೆ ಸಾಕು.

ಭಾಷಾಸಂಪರ್ಕದ ಅಧ್ಯಯನಗಳಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಅಧ್ಯಾಪಕರನ್ನು ಬಹುವಾಗಿ ಸೆಳೆಯಿತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಪದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಒಂದಕ್ಕೊಂದು ಎಷ್ಟು ಹತ್ತಿರವಾಗಿವೆಯೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ಬದಲಿಸಬಹುದು ಎಂದು ಆ ವಿದ್ವಾಂಸರು ತೋರಿಸಿದ್ದರು. ಇದನ್ನು ಓದಿದವರಿಗೆ ಕಮಠಾಣದ ನೆನಪಾಗದೆ ಇರುವುದು ಕಷ್ಟ.

ಹೀಗೆ ಒಂದು ಊಹೆ ರೂಪುಗೊಂಡಿತು. ಮರಾಠಿಯಲ್ಲಿ ‘ಕರೂ ಲಾಗಲಾ’ ಎನ್ನುತ್ತಾರೆ, ದಖನಿಯಲ್ಲಿ ‘ಕರನೇ ಲಗಾ’. ಎರಡರಲ್ಲಿಯೂ ‘ತಗಲು, ಅಂಟು’ ಎಂಬರ್ಥದ ಧಾತು ‘ತೊಡಗು’ ಎಂಬ ಅರ್ಥವನ್ನು ಪಡೆದಿದೆ. ಕನ್ನಡದ ‘ಹತ್ತು’ ಕೂಡ ತಗಲು, ಅಂಟು, ತೊಡಗು ಎಂಬ ಅರ್ಥಗಳನ್ನು ಹೊತ್ತದ್ದು; ಬೆಂಕಿ ಹತ್ತುತ್ತದೆ, ಜಡ್ಡು ಹತ್ತುತ್ತದೆ. ಆದ್ದರಿಂದ ‘ಮಾಡ್ಲತ್ತಾನ’ ಎಂಬ ರಚನೆ ಮರಾಠಿಯ ಪ್ರಭಾವದಿಂದ ಹುಟ್ಟಿದ್ದು, ಅದರಲ್ಲಿ ಇಂದಿಗೂ ‘ಈಗಷ್ಟೇ ತೊಡಗಿದೆ’ ಎಂಬ ಅರ್ಥಛಾಯೆ ಉಳಿದಿದೆ ಎಂದು ಅವರು ಬರೆದರು. ಉದ್ದಿನ ಪ್ರಸಂಗ ಮನಸ್ಸಿನಲ್ಲಿದ್ದುದರಿಂದ ಎರಡನೆಯ ಮಾತು ಅವರಿಗೆ ಸ್ವತಃಸಿದ್ಧವಾಗಿ ಕಂಡಿತು. ಲೇಖನದ ಮೊದಲ ಪ್ರತಿ ಈ ಎರಡು ಕಂಬಗಳ ಮೇಲೆ ನಿಂತಿತ್ತು.

4

ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆ ಬರೆಯುವಷ್ಟೇ ಕಾಲವನ್ನು ತೆಗೆದುಕೊಂಡಿತು. ಕನ್ನಡದಲ್ಲಿ ವಿದ್ವತ್ ಪತ್ರಿಕೆಗಳ ಪರಂಪರೆ ನೂರು ವರ್ಷಕ್ಕೂ ಹಳೆಯದು. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಮರುವರ್ಷವೇ ತನ್ನ ಪತ್ರಿಕೆಯನ್ನು ಆರಂಭಿಸಿತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ನಾಟಕ’ ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರಿನ ‘ಸಾಧನೆ’ ಮುಂತಾದವು ಅದೇ ಸಾಲಿನವು. ಶಾಸನ, ಛಂದಸ್ಸು, ಕವಿಕಾಲ ಕುರಿತ ಎಷ್ಟೋ ವಾದಗಳು ಗ್ರಂಥರೂಪ ತಾಳುವ ಮೊದಲು ಇಂಥ ಪತ್ರಿಕೆಗಳಲ್ಲಿ ಮಂಡನೆಯಾಗಿ, ಅಲ್ಲಿಯೇ ಖಂಡನೆಗೂ ಒಳಗಾಗಿ, ತಿದ್ದಿಕೊಂಡು ನಿಂತಂಥವು. ಲೇಖನ ಕಳಿಸುವುದೆಂದರೆ ಬಲ್ಲವರ ಮುಂದೆ ಮಾತನ್ನು ಇಡುವುದು ಎಂಬುದಷ್ಟೇ ಆಗಿನ ಅರ್ಥ.

2010ರ ದಶಕಕ್ಕೆ ಅದಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಯನ್ನು ಅಂಕಗಳಿಗೆ ಜೋಡಿಸಿದ ಮೇಲೆ ಪ್ರತಿ ಪ್ರಕಟಣೆಯೂ ಲೆಕ್ಕದ ಬಾಬತ್ತಾಯಿತು. ಮಾನ್ಯ ಪತ್ರಿಕೆಗಳ ಪಟ್ಟಿ 2017ರ ಜನವರಿಯಲ್ಲಿ ಬಂತು. 2018ರ ಮೇ ತಿಂಗಳಲ್ಲಿ ಆ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಲಾಯಿತು. 2019ರ ಜೂನ್‌ನಿಂದ ‘ಕೇರ್’ ಎಂಬ ಹೆಸರಿನ ಹೊಸ ಪಟ್ಟಿ ಜಾರಿಗೆ ಬಂತು. ವರ್ಷದ ಹಿಂದೆ ಪಟ್ಟಿಯಲ್ಲಿ ನೋಡಿದ್ದ ಹೆಸರು ಲೇಖನ ಮುಗಿಯುವ ವೇಳೆಗೆ ಅಲ್ಲಿರಲಿಲ್ಲ ಎಂಬ ಅನುಭವ ಅನೇಕರದು. ಕಮಠಾಣದ ಅಧ್ಯಾಪಕರದೂ ಅದೇ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಪತ್ರಗಳು ಬರತೊಡಗಿದ್ದುವು. ಐ.ಎಸ್.ಎಸ್.ಎನ್. ಸಂಖ್ಯೆಯಿದೆ, ಅಂತಾರಾಷ್ಟ್ರೀಯ ಮನ್ನಣೆಯಿದೆ, ಎಲ್ಲ ಶಾಸ್ತ್ರಗಳ ಲೇಖನಗಳಿಗೂ ಸ್ವಾಗತವಿದೆ, ಇಂತಿಷ್ಟು ಶುಲ್ಕ ಕಟ್ಟಿದರೆ ವಾರದೊಳಗೆ ಪ್ರಕಟಣೆ ಮತ್ತು ಪ್ರಮಾಣಪತ್ರ ಎಂಬುದು ಅವುಗಳ ಒಕ್ಕಣೆ. ಐ.ಎಸ್.ಎಸ್.ಎನ್. ಎಂಬುದು ನಿಯತಕಾಲಿಕೆಯನ್ನು ಗುರುತಿಸುವ ಸಂಖ್ಯೆಯೇ ಹೊರತು ಗುಣದ ಮುದ್ರೆಯಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ತಿಳಿದೂ ಶುಲ್ಕ ಕಟ್ಟಿದವರಿದ್ದರು. ಅವರನ್ನು ಸುಲಭವಾಗಿ ಹಳಿಯಲಾಗದು. ಬಡ್ತಿಯ ಸಂದರ್ಶನಕ್ಕೆ ಒಂದೇ ಲೇಖನ ಕಡಿಮೆಯಿದ್ದವರ ಸಂಕಟ ಅಂಥದು. ಅಧ್ಯಾಪಕರಿಗೂ ಕಡಿಮೆಯಿದ್ದುದು ಒಂದೇ. ಒಂದು ರಾತ್ರಿ ಅವರು ಅಂಥದೊಂದು ಅರ್ಜಿಯನ್ನು ಅರ್ಧ ತುಂಬಿದರು ಕೂಡ. ‘ಲೇಖನವನ್ನು ಯಾರು ಪರಿಶೀಲಿಸುತ್ತಾರೆ’ ಎಂಬುದಕ್ಕೆ ಆ ಅರ್ಜಿಯಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ. ‘ಬರ್ಲತ್ತದ’ ಎಂಬುದನ್ನು ತಾವು ಸರಿಯಾಗಿ ಬಿಡಿಸಿದ್ದೇವೆಯೋ ಇಲ್ಲವೋ ಎಂಬ ಅಳುಕು ಅವರಿಗೆ ಇನ್ನೂ ಇತ್ತು. ಅದನ್ನು ಯಾರಾದರೂ ನೋಡಿ ಹೇಳಬೇಕಾಗಿತ್ತು. ಅರ್ಜಿ ಅಲ್ಲಿಗೇ ನಿಂತಿತು. ಲೇಖನ ನಿಧಾನಕ್ಕೆ ಹೆಸರಾದ ಒಂದು ವಿದ್ವತ್ ಪತ್ರಿಕೆಗೆ ಹೋಗುವುದೆಂದಾಯಿತು.

5

ಪತ್ರಿಕೆಯ ಸೂಚನೆಗಳು ಎರಡು ಪುಟದಷ್ಟಿದ್ದುವು: ಪದಮಿತಿ, ಕನ್ನಡ ಮತ್ತು ಇಂಗ್ಲಿಷ್‌ಗಳೆರಡರಲ್ಲೂ ಸಾರಾಂಶ, ಐದು ಕೀಲಿಪದಗಳು, ಯುನಿಕೋಡ್ ಅಕ್ಷರ, ಲೇಖಕರ ಗುರುತು ಸಿಗುವ ಯಾವ ಮಾತೂ ಲೇಖನದೊಳಗೆ ಇರಬಾರದೆಂಬ ನಿಯಮ. ಇವನ್ನು ಬರಿಯ ಕಟ್ಟಳೆಗಳೆಂದು ಭಾವಿಸಿದವರು ಪಾಲಿಸುತ್ತ ಹೋದಂತೆ ಒಂದೊಂದರ ಒಳಗೂ ಒಂದೊಂದು ಪ್ರಶ್ನೆ ಅಡಗಿರುವುದನ್ನು ಕಾಣುತ್ತಾರೆ.

ಗುರುತಿನ ನಿಯಮ ಮೊದಲಿಗೆ ತಾಯಿಗೆ ತಗಲಿತು. ‘ನನ್ನ ತಾಯಿ ಹೇಳಿದಂತೆ’ ಎಂದಿದ್ದಲ್ಲೆಲ್ಲ ‘ವಕ್ತೃ 1’ ಎಂದು ತಿದ್ದಬೇಕಾಯಿತು. ಅನುಬಂಧದ ಕೋಷ್ಟಕದಲ್ಲಿ ವಕ್ತೃಗಳ ಲಿಂಗ, ವಯಸ್ಸು, ಶಿಕ್ಷಣ, ಬಲ್ಲ ಭಾಷೆಗಳ ಕಾಲಂಗಳಿದ್ದುವು. ಶಿಕ್ಷಣದ ಕಾಲಂನಲ್ಲಿ ಅವರು ಮೊದಲು ‘ಅನಕ್ಷರಸ್ಥೆ’ ಎಂದು ಬರೆದು, ಹೊಡೆದು, ‘ಶಾಲಾಶಿಕ್ಷಣವಿಲ್ಲ’ ಎಂದು ಬರೆದರು. ಬಲ್ಲ ಭಾಷೆಗಳ ಕಾಲಂನಲ್ಲಿ ‘ಕನ್ನಡ, ದಖನಿ, ಮರಾಠಿ, ಸ್ವಲ್ಪ ತೆಲುಗು’ ಎಂದಾಯಿತು. ಅದೇ ಕೋಷ್ಟಕದಲ್ಲಿ ಪದವೀಧರ ವಕ್ತೃವೊಬ್ಬರ ಎದುರಿಗೆ ಇದ್ದುದು ‘ಕನ್ನಡ, ಇಂಗ್ಲಿಷ್’ ಮಾತ್ರ.

ಮುಂದಿನ ತೊಡಕು ಅಕ್ಷರದ್ದು. ಲೇಖನವನ್ನು ಅವರು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿಸಿದ್ದರು. ಅದನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಜಾಗ ತಪ್ಪಿದುವು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಮುಂದಿನ ಅಕ್ಷರದ ಬಲಕ್ಕೆ ದಾಖಲಾಗುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಈ ಲೆಕ್ಕ ತಪ್ಪಿದುದರಿಂದ ‘ಬರ್ಲತ್ತದ’ ಎಂಬುದು ‘ಬಲರ್ತ್ತದ’ ಎಂದಾಗಿ, ಯಾವ ಊರಿನವರೂ ಆಡದ ಒಂದು ಕನ್ನಡ ಪುಟದ ತುಂಬ ಹರಡಿಕೊಂಡಿತು. ಬೇರೆ ಲೇಖನವಾಗಿದ್ದರೆ ಓದುಗರು ಊಹಿಸಿ ಓದಿಕೊಂಡಾರು. ಇಲ್ಲಿ ಅಕ್ಷರವೇ ಆಧಾರ. ಒಂದೊಂದು ಉದಾಹರಣೆಯನ್ನೂ ಧ್ವನಿಮುದ್ರಣಕ್ಕೆ ಕಿವಿಗೊಟ್ಟು ಮತ್ತೆ ಬರೆಯಬೇಕಾಯಿತು. ಹಾಗೆ ಮತ್ತೆ ಕೇಳಿದಾಗ ಮೊದಲ ಸಲ ‘ಬರಲತ್ತದ’ ಎಂದು ಬರೆದುಕೊಂಡಿದ್ದ ಮೂರು ಕಡೆ ರಕಾರಕ್ಕೆ ಸ್ವರವೇ ಇರಲಿಲ್ಲ ಎಂಬುದು ತಿಳಿಯಿತು. ಯಂತ್ರ ಮಾಡಿದ ತಪ್ಪು ಕಿವಿ ಮಾಡಿದ ತಪ್ಪನ್ನು ಹೊರಗೆಡವಿದಂತಾಯಿತು.

ಹಳೆಯ ಓಲೆಗರಿಗಳ ಲಿಪಿಕಾರರು ಪ್ರತಿಯ ಕೊನೆಗೆ, ಕಂಡಂತೆ ಬರೆದಿದ್ದೇನೆ, ತಪ್ಪು ನನ್ನದಲ್ಲ ಎಂಬ ಅರ್ಥದ ಮಾತನ್ನು ಸೇರಿಸಿ ಕೈ ಮುಗಿಯುತ್ತಿದ್ದರು. ಕೇಳಿದ್ದನ್ನು ಬರಹಕ್ಕಿಳಿಸುವ ಸಂಶೋಧಕನಿಗೆ ಆ ಅನುಕೂಲವಿಲ್ಲ. ಅವನ ಮುಂದೆ ಮೂಲ ಪ್ರತಿಯೆಂಬುದೇ ಇರುವುದಿಲ್ಲ. ಅವನು ಬರೆದುದೇ ಮೂಲವಾಗಿ ಮುಂದಿನವರ ಕೈ ಸೇರುತ್ತದೆ.

6

2018ರ ಕೊನೆಗೆ ಲೇಖನ ಹೋಯಿತು. ಏಳು ತಿಂಗಳ ಮೇಲೆ ಇಬ್ಬರು ಪರಿಶೀಲಕರ ಅಭಿಪ್ರಾಯಗಳೊಂದಿಗೆ ಹಿಂದಿರುಗಿತು. ಒಬ್ಬರು ಭಾಷೆಯನ್ನು ಮೆಚ್ಚಿ, ಎರಡು ಅಡಿಟಿಪ್ಪಣಿಗಳನ್ನು ಕೇಳಿ ಮುಗಿಸಿದ್ದರು. ಇನ್ನೊಬ್ಬರದು ಒಂದೂವರೆ ಪುಟ. ಅದರ ತಿರುಳು ಎರಡು ಪ್ರಶ್ನೆಗಳು. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ ಬಗೆಯ ರಚನೆ ಇದೆಯೆಂದ ಮಾತ್ರಕ್ಕೆ ಕನ್ನಡವೇ ಪಡೆದುಕೊಂಡಿತೆಂದು ಹೇಗೆ ಹೇಳುವುದು? ಅರ್ಥ ‘ತೊಡಗು’ ಎಂಬುದೇ ಆಗಿದ್ದರೆ, ಬಹಳ ಹೊತ್ತಿನಿಂದ ನಡೆಯುತ್ತಿರುವ ಕ್ರಿಯೆಗೆ ಈ ರೂಪವನ್ನು ಬಳಸುವುದಿಲ್ಲವೇ? ಬಳಸುತ್ತಾರೋ ಇಲ್ಲವೋ ಲೇಖನದಲ್ಲಿ ಪರೀಕ್ಷಿಸಿಲ್ಲ.

ಮೊದಲ ಓದಿಗೆ ಕೋಪ ಬಂತು. ಬೀದರ ಸೀಮೆಯನ್ನು ಕಾಣದ ಯಾರೋ ಪುಸ್ತಕದ ಬಲದಿಂದ ಕೇಳುತ್ತಿದ್ದಾರೆ ಎನ್ನಿಸಿತು. ವಾರದ ಮೇಲೆ ಮತ್ತೆ ಓದಿದಾಗ, ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯಲು ಯಾವ ಗ್ರಂಥಾಲಯವೂ ಬೇಕಿಲ್ಲ, ಮಳೆಗಾಲದಲ್ಲಿ ಊರಿಗೆ ಹೋದರೆ ಸಾಕು ಎಂಬುದು ಹೊಳೆಯಿತು. ಹೋದರು. ಹಿಡಿದ ಮಳೆ ಮೂರು ದಿನವಾದರೂ ಬಿಟ್ಟಿರಲಿಲ್ಲ. ಯಾರೂ ಕೇಳದೆಯೇ ತಾಯಿ ಬಾಗಿಲಲ್ಲಿ ನಿಂತು ನೆರೆಯವರಿಗೆ ಹೇಳುತ್ತಿದ್ದರು: “ಮೂರ ದಿನಾತು, ಮಳಿ ಬರ್ಲತ್ತದ ಬರ್ಲತ್ತದ, ನಿಲ್ಲವಲ್ದು.” ಲೇಖನದ ಒಂದು ಕಂಬ ಅಲ್ಲಿಯೇ ಉರುಳಿತು. ‘ಹತ್ತು’ ಎಂಬುದು ‘ತೊಡಗು’ ಎಂಬ ಅರ್ಥದಿಂದ ಹೊರಟು, ‘ನಡೆಯುತ್ತಿದೆ’ ಎಂಬ ಅರ್ಥಕ್ಕೆ ಪೂರ್ತಿಯಾಗಿ ಬಂದು ಸೇರಿಬಿಟ್ಟಿತ್ತು. ಉದ್ದಿನ ದಿನ ಮಗನನ್ನು ಓಡಿಸಿದ್ದು ಹನಿ ಬೀಳುತ್ತಿದೆಯೆಂಬ ಸುದ್ದಿ. ‘ಈಗಷ್ಟೇ’ ಎಂಬುದನ್ನು ಸೇರಿಸಿಕೊಂಡಿದ್ದು ಅವರ ಅವಸರ.

ಇನ್ನೊಂದು ಕಂಬವೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಧಾರವಾಡ ಕಡೆಯ ಗದ್ಯವನ್ನು ತಿರುವಿದರೆ ‘ಹೇಳಹತ್ತಿದನು’, ‘ಮಾಡಹತ್ತಿದರು’ ಎಂಬ ರೂಪಗಳು ಧಾರಾಳವಾಗಿ ಸಿಗುತ್ತವೆ. ಶಿಷ್ಟ ಬರಹದಲ್ಲಿ ‘ತೊಡಗು’ ಮಾಡುವ ಕೆಲಸವನ್ನು ಅಲ್ಲಿ ‘ಹತ್ತು’ ಮಾಡುತ್ತದೆ. ಕನ್ನಡ ಇದನ್ನು ತನ್ನೊಳಗಿನಿಂದಲೇ ಬೆಳೆಸಿಕೊಂಡಿರಬಹುದು, ನೆರೆಯ ಭಾಷೆಗಳ ಒಡನಾಟ ಅದಕ್ಕೆ ಬಲ ಕೊಟ್ಟಿರಬಹುದು, ಕೊಡುಕೊಳೆ ಎರಡೂ ಕಡೆಗೆ ನಡೆದಿರಬಹುದು. ಒಂದೇ ಊರಿನ ಸಾಮಗ್ರಿಯಿಂದ ಇದನ್ನು ತೀರ್ಮಾನಿಸಲಾಗದು. ತಿದ್ದಿದ ಪ್ರತಿಯಲ್ಲಿ ‘ಮರಾಠಿಯ ಪ್ರಭಾವದಿಂದ ಹುಟ್ಟಿದೆ’ ಎಂಬ ವಾಕ್ಯ ಹೋಗಿ, ‘ಸಾದೃಶ್ಯ ಗಮನಾರ್ಹ, ದಿಕ್ಕನ್ನು ನಿರ್ಣಯಿಸಲು ಈ ಸಾಮಗ್ರಿ ಸಾಲದು’ ಎಂಬುದು ಬಂತು. ಶೀರ್ಷಿಕೆಯಲ್ಲಿದ್ದ ‘ಭಾಷಾಸಂಪರ್ಕ’ ಎಂಬ ದೊಡ್ಡ ಪದವೂ ಹೋಯಿತು. ಲೇಖನ ಹನ್ನೆರಡು ಪುಟದಿಂದ ಒಂಬತ್ತಕ್ಕೆ ಇಳಿಯಿತು. ಕಳೆದುಕೊಂಡ ಮೂರು ಪುಟಗಳ ಬಗ್ಗೆ ನೋವಿದ್ದರೂ ಉಳಿದ ಒಂಬತ್ತರಲ್ಲಿ ಅಳುಕಿನಿಂದ ಬರೆದ ವಾಕ್ಯ ಒಂದೂ ಇರಲಿಲ್ಲ.

7

ಕರಡಚ್ಚು ಬಂದಾಗ ನಾಲ್ಕು ದಿನಗಳ ಗಡುವಿತ್ತು. ಮೊದಲ ಪುಟ ಅಚ್ಚುಕಟ್ಟಾಗಿತ್ತು. ಎರಡನೆಯ ಪುಟದಲ್ಲಿ ಉದಾಹರಣೆಗಳು ಆರಂಭವಾಗುತ್ತಿದ್ದುವು. ಒಂದನೆಯ ಉದಾಹರಣೆ ಹೀಗಿತ್ತು: ‘ಮಳೆ ಬರುತ್ತಿದೆ.’ ಅದರ ಕೆಳಗೆ ಅಧ್ಯಾಪಕರದೇ ವಿವರಣೆ: ‘ಈ ವಾಕ್ಯದಲ್ಲಿ ಹತ್ತು ಎಂಬ ಸಹಾಯಕ ಕ್ರಿಯಾಪದವು ಸವೆದ ರೂಪದಲ್ಲಿ ಕಾಣಿಸಿಕೊಂಡಿದೆ.’ ಪುಟ ತಿರುವಿದಂತೆ ಬಹುಪಾಲು ಉದಾಹರಣೆಗಳಿಗೆ ಅದೇ ಗತಿಯಾಗಿತ್ತು. ‘ಮಳಿ’ ಮಳೆಯಾಗಿತ್ತು, ‘ಮನಿ’ ಮನೆಯಾಗಿತ್ತು, ‘ನಿಲ್ಲವಲ್ದು’ ಎಂಬುದು ‘ನಿಲ್ಲುತ್ತಿಲ್ಲ’ ಆಗಿತ್ತು. ಇಲ್ಲದ ವಸ್ತುವನ್ನು ಬೆರಳುಮಾಡಿ ತೋರಿಸುವ ಲೇಖನವೊಂದು ಅಚ್ಚಿಗೆ ಸಿದ್ಧವಾಗಿ ಕುಳಿತಿತ್ತು.

ತಿದ್ದಿದವರಲ್ಲಿ ದುರುದ್ದೇಶವಿರಲಿಲ್ಲ. ಕರಡು ತಿದ್ದುವವರಿಗೆ ಎದುರಾದದ್ದು ‘ತಪ್ಪು’ ಕನ್ನಡ. ಅದನ್ನು ಶ್ರದ್ಧೆಯಿಂದ ಸರಿಪಡಿಸಿದ್ದರು. ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ಅವರು ಕ್ಷಮೆ ಕೇಳಿ, ಪ್ರತಿಯೊಂದು ರೂಪವನ್ನೂ ಮೂಲದಂತೆ ಮರಳಿಸಲು ಒಪ್ಪಿದರು. ಒಂದು ಸಂಜೆಯೆಲ್ಲ ಅಧ್ಯಾಪಕರು ಇಲ್ಲಿಂದ ಓದುತ್ತ ಹೋದರು, ಅವರು ಅಲ್ಲಿ ತಿದ್ದುತ್ತ ಹೋದರು. ಕೊನೆಗೆ ಆ ಕಡೆಯ ದನಿ ಹೇಳಿತು: “ಸರ್, ನಮ್ಮ ಅಜ್ಜಿ ಕೂಡ ಹೀಗೆ ಏನೋ ಒಂದು ಬೇರೆ ತರ ಹೇಳ್ತಿದ್ರು. ಈಗ ನೆನಪಿಗೆ ಬರ್ತಾ ಇಲ್ಲ.”

ಆ ರಾತ್ರಿ ಅಧ್ಯಾಪಕರಿಗೆ ನೆನಪಾದದ್ದು ತಮ್ಮದೇ ಕೆಂಪು ಶಾಯಿ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಪ್ರಬಂಧದಲ್ಲಿ ‘ಬರ್ಲತ್ತಾರ’, ‘ಮಾಡ್ಲತ್ತೀವಿ’ ಎಂದು ಬರೆದಾಗ ಅವರು ವರ್ಷಗಟ್ಟಲೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ‘ತಪ್ಪು’ ಎಂದು ಬರೆದಿದ್ದರು. ಪರೀಕ್ಷೆಯ ಬರಹಕ್ಕೆ ಶಿಷ್ಟರೂಪ ಬೇಕೆಂಬುದರಲ್ಲಿ ಅನುಮಾನವಿಲ್ಲ. ಅದನ್ನು ಕಲಿಸುವುದು ಅವರ ಕೆಲಸವೇ. ಆದರೆ ಆ ರೂಪವನ್ನು ಕರೆಯಬೇಕಾದ ಹೆಸರು ‘ತಪ್ಪು’ ಎಂದಲ್ಲ. ಅದಕ್ಕೆ ಒಂದು ರಚನೆಯಿದೆ, ಚರಿತ್ರೆಯಿದೆ, ‘ಬರ್ತದ’ ಎಂಬುದರಿಂದ ಬೇರೆಯಾದ ಅರ್ಥವಿದೆ ಎಂದು ಒಂಬತ್ತು ಪುಟ ಬರೆದವರು ತಾವೇ. ಕರಡು ತಿದ್ದಿದವರು ಒಂದು ಲೇಖನಕ್ಕೆ ಮಾಡಿದ್ದನ್ನು ಅವರು ತರಗತಿಯ ನಂತರ ತರಗತಿಗೆ ಮಾಡಿದ್ದರು. ‘ಚೊಲೊ ಮಾತ ಬರಿ’ ಎಂದ ತಾಯಿಯ ಅಳುಕು ಎಲ್ಲಿಂದ ಹುಟ್ಟುತ್ತದೆಂಬುದು ಆಗ ಅವರಿಗೆ ಸ್ಪಷ್ಟವಾಯಿತು. ಮುಂದಿನ ವರ್ಷದಿಂದ ಅವರ ಕೆಂಪು ಶಾಯಿ ‘ಆಡುರೂಪ, ಬರಹದಲ್ಲಿ ಹೀಗೆ’ ಎಂದು ಬರೆಯತೊಡಗಿತು. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

8

ಆ ಲೇಖನ ಬಡ್ತಿಯ ಕಡತದಲ್ಲಿ ತನ್ನ ಅಂಕವನ್ನು ಪಡೆಯಿತು. ಅದಾದ ಮೇಲೆ ನಿಯಮಗಳು ಮತ್ತೆ ಬದಲಾದುವು. ಪಿಎಚ್.ಡಿ. ಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು 2022ರ ನವೆಂಬರ್ ನಿಯಮಾವಳಿ ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ‘ಕೇರ್’ ಪಟ್ಟಿಯನ್ನೇ ಆಯೋಗ ನಿಲ್ಲಿಸಿ, ಪತ್ರಿಕೆಯ ಗುಣವನ್ನು ಅಳೆಯುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಪಟ್ಟಿಗಾಗಿ ಬರೆದ ಲೇಖನಗಳ ಲೆಕ್ಕ ಪಟ್ಟಿಯೊಂದಿಗೆ ಮುಗಿಯಿತು. ಒಂದು ಊರಿನ ಮಾತನ್ನು ಕೇಳಿದಂತೆ ದಾಖಲಿಸಿದ ಬರಹ ಮುಂದೆ ಔರಾದಿನಲ್ಲೋ ಉದಗೀರಿನಲ್ಲೋ ಇದೇ ರೂಪವನ್ನು ಹುಡುಕಿ ಹೊರಡುವವರಿಗೆ ಬೇಕಾಗುತ್ತದೆ. ಆ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಹೇಳುವುದು ಇಷ್ಟು: ಪರಿಶೀಲಕರ ಟಿಪ್ಪಣಿಯನ್ನು ವಾರ ಬಿಟ್ಟು ಓದಿ; ಯುನಿಕೋಡಿಗೆ ಹೋದ ಪ್ರತಿಯನ್ನು ಧ್ವನಿಮುದ್ರಣದೊಡನೆ ಹೋಲಿಸಿ; ಹಸ್ತಪ್ರತಿಯ ಮೊದಲ ಪುಟದ ತಲೆಯ ಮೇಲೆ ‘ಉದಾಹರಣೆ ವಾಕ್ಯಗಳನ್ನು ತಿದ್ದಬಾರದು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಅಚ್ಚಾದ ಸಂಚಿಕೆಯನ್ನು ಅವರು ಕಮಠಾಣಕ್ಕೆ ಒಯ್ದಿದ್ದರು. ಅಂಗಳದಲ್ಲಿ ಕುಳಿತು ಒಂದನೆಯ ಉದಾಹರಣೆಯನ್ನು ಓದಿ ಹೇಳಿದರು. ತಾಯಿ ಕೇಳಿ, “ಇದರಾಗ ಹೊಸಾದೇನದೋ ತಮ್ಮಾ? ಎಲ್ಲಾರೂ ಹಂಗೇ ಅಂತಾರಲ್ಲ” ಎಂದರು. ಉಪಭಾಷೆಯ ದಾಖಲೆಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಕೇಳಿದರು: “ಉದ್ದು ಒಳಗ ತಗೊ ಅಂದಿದ್ನಲ್ಲ, ಅದು ಬರೀಲಿಲ್ಲೇನು?”

ಬರೆದಿರಲಿಲ್ಲ. ವಿಶ್ಲೇಷಣೆಗೆ ಬೇಕಾದಷ್ಟನ್ನೇ ಉಳಿಸಿಕೊಂಡು ವಾಕ್ಯದ ಉಳಿದರ್ಧವನ್ನು ಬಿಟ್ಟಿದ್ದರು. ಆ ಮಾತು ಹುಟ್ಟಿದ್ದೇ ಉದ್ದು ನೆನೆಯಬಾರದೆಂದು. ಅಧ್ಯಾಪಕರು ಲೇಖನಿ ತೆಗೆದು, ತಮ್ಮ ಪ್ರತಿಯ ಅಂಚಿನಲ್ಲಿ ಒಂದನೆಯ ಉದಾಹರಣೆಯ ಪಕ್ಕಕ್ಕೆ ಆ ಮೂರು ಪದಗಳನ್ನು ಬರೆದುಕೊಂಡರು.